ಕಬ್ಬಿನ ಬೆವರು, ಹೊಳೆಯ ಲೆಕ್ಕ

ಕೊಲ್ಹಾಪುರ ಜಿಲ್ಲೆಯ ಹೊಳೆಸಾಲಿನ ಊರುಗಳಲ್ಲಿ ಬೇಸಿಗೆ ಬಂತೆಂದರೆ ‘ಉಪಸಾ ಬಂದಿ’ ಎಂಬ ಮರಾಠಿ ಮಾತು ಕನ್ನಡ ಮನೆಗಳ ಕಟ್ಟೆಗೂ ಬಂದು ಕೂರುತ್ತದೆ. ಹೊಳೆಯಿಂದ ನೀರೆತ್ತುವ ಪಂಪುಗಳನ್ನು ಇಂತಿಷ್ಟು ದಿನ ನಿಲ್ಲಿಸಿ ಎಂದು ನೀರಾವರಿ ಇಲಾಖೆ ಹೊರಡಿಸುವ ಆದೇಶ ಅದು. ಪಂಚಗಂಗೆ, ದೂಧಗಂಗೆ, ವೇದಗಂಗೆ, ಹಿರಣ್ಯಕೇಶಿ, ಹೊಳೆ ಯಾವುದಾದರೂ ಜಗಳದ ಮಾತು ಒಂದೇ: ಮೇಲಿನವರು ಅಳತೆಯಿಲ್ಲದೆ ಎತ್ತಿದರು, ಕೆಳಗಿನವರ ಪಾಳಿ ಬರುವಷ್ಟರಲ್ಲಿ ಬಾಂದಾರ, ಅಂದರೆ ಹೊಳೆಗೆ ಕಟ್ಟಿದ ಒಡ್ಡು, ಬರಿದಾಯಿತು. ಈ ಜಗಳಕ್ಕೆ ಓದಿದವರ ನಡುವೆ ಈಚೆಗೆ ಒಂದು ಸಿದ್ಧ ಉತ್ತರ ಹುಟ್ಟಿಕೊಂಡಿದೆ. ಆಕಾಶದಲ್ಲಿ ಉಪಗ್ರಹಗಳಿವೆ, ಸರ್ವೆ ನಂಬರುಗಳ ಗಡಿರೇಖೆ ಕಂಪ್ಯೂಟರಿನಲ್ಲಿದೆ. ಒಂದರ ಮೇಲೊಂದು ಇಟ್ಟು ನೋಡಿದರೆ ಯಾರ ಹೊಲ ಎಷ್ಟು ನೀರು ಕುಡಿಯಿತೆಂದು ಗೊತ್ತಾಗುತ್ತದೆ. ಗೊತ್ತಾದರೆ ಕಳ್ಳತನವೂ ಪೋಲೂ ನಿಲ್ಲುತ್ತವೆ, ಉಳಿದ ನೀರು ಕೆಳಗಿನವರಿಗೆ ಹರಿಯುತ್ತದೆ. ಇದರಲ್ಲಿ ಮೂರು ಬೇರೆ ಬೇರೆ ನಂಬಿಕೆಗಳು ಒಂದಕ್ಕೊಂದು ಹೆಣೆದುಕೊಂಡಿವೆ: ನಕ್ಷೆ ನೀರಿನ ಬಳಕೆಯನ್ನು ತೋರಿಸುತ್ತದೆ, ಬಳಕೆ ತಿಳಿದರೆ ಪೋಲು ತಿಳಿಯುತ್ತದೆ, ಪೋಲು ತಪ್ಪಿಸಿದರೆ ನೀರು ಉಳಿಯುತ್ತದೆ. ಮೂರೂ ಅರ್ಧರ್ಧ ನಿಜ. ಮೂರು ಅರ್ಧಗಳನ್ನು ಗುಣಿಸಿದರೆ ಉಳಿಯುವುದು ಎಂಟರಲ್ಲೊಂದು ಪಾಲು.

ಮೊದಲು ಈ ನಂಬಿಕೆಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಈಗಿನ ಪದ್ಧತಿ ಯಾರಿಗೂ ಸಮಾಧಾನ ತರುವಂಥದ್ದಲ್ಲ. ಹೊಳೆದಂಡೆಯ ಜಾಕ್‌ವೆಲ್ಲಿನಿಂದ ಮೈಲುಗಟ್ಟಲೆ ಪೈಪಿನಲ್ಲಿ ನೀರೊಯ್ಯುವ ಸಹಕಾರಿ ಏತ ನೀರಾವರಿ ಸಂಘಗಳು ಈ ಜಿಲ್ಲೆಯ ಹೆಮ್ಮೆ ನಿಜ, ಆದರೆ ಅಲ್ಲಿ ಹಣ ತೆಗೆದುಕೊಳ್ಳುವ ವಾಡಿಕೆ ಎಕರೆ ಲೆಕ್ಕದ್ದು. ವರ್ಷಕ್ಕೆ 20 ಸಲ ನೀರು ಹಾಯಿಸಿದವನೂ 35 ಸಲ ಹಾಯಿಸಿದವನೂ ಒಂದೇ ದರ ಕಟ್ಟುತ್ತಾನೆ. ನೀರನ್ನು ಅಳೆದು ಕೊಡಬೇಕೆಂದು ಮಹಾರಾಷ್ಟ್ರ 2005ರಲ್ಲಿ ಎರಡು ಕಾಯ್ದೆಗಳನ್ನು ಮಾಡಿತು: ಒಂದು ಜಲಸಂಪನ್ಮೂಲ ನಿಯಂತ್ರಣ ಪ್ರಾಧಿಕಾರದ್ದು, ಇನ್ನೊಂದು ರೈತರಿಂದಲೇ ನೀರಾವರಿ ನಿರ್ವಹಣೆಯದ್ದು. ಅಳತೆಯ ಮಾತು ಕಾಯ್ದೆಯಿಂದ ಹೊಲದ ಬದುವಿನವರೆಗೆ ಇಳಿದುಬರುವ ದಾರಿ ಇನ್ನೂ ಸವೆಯುತ್ತಿದೆ. ಹೀಗಿರುವಾಗ ಯಾರ ಹಂಗೂ ಇಲ್ಲದ ಒಂದು ಕಣ್ಣು ಬೇಕೆನ್ನಿಸುವುದು ಸಹಜ. ಆ ಕಣ್ಣಿನ ಹಿಂದಿನ ವಿಜ್ಞಾನವೂ ಗಟ್ಟಿಯಾದದ್ದೇ. ಕರ್ನಾಟಕದ ಭದ್ರಾ ಅಚ್ಚುಕಟ್ಟನ್ನೇ ತೆಗೆದುಕೊಂಡು, ಉಪಗ್ರಹ ಚಿತ್ರಗಳಿಂದ ನೀರಾವರಿ ವ್ಯವಸ್ಥೆಯ ಸಾಧನೆಯನ್ನು ಹೇಗೆ ಅಳೆಯಬಹುದೆಂದು ಕೊಲಂಬೋದ ಅಂತರರಾಷ್ಟ್ರೀಯ ನೀರಾವರಿ ನಿರ್ವಹಣಾ ಸಂಸ್ಥೆ 1997ರಲ್ಲೇ ವರದಿ ಪ್ರಕಟಿಸಿತ್ತು. ಇದು ನಿನ್ನೆ ಮೊನ್ನೆಯ ಹುಚ್ಚಲ್ಲ. ನನ್ನ ತಕರಾರು ವಿಜ್ಞಾನದ ಮೇಲಿಲ್ಲ, ಅದರ ಬಾಯಿಗೆ ನಾವು ತುರುಕುವ ಮಾತಿನ ಮೇಲೆ.

ಹಾಗಾದರೆ ಉಪಗ್ರಹ ನೋಡುವುದೇನನ್ನು? ಬೆಳಕು ಮತ್ತು ಶಾಖವನ್ನು, ಅಷ್ಟೇ. ಏಪ್ರಿಲ್ ತಿಂಗಳ ಬೆಳಿಗ್ಗೆ ಹತ್ತೂವರೆಗೆ ನೀರುಂಡ ಕಬ್ಬಿನ ಗರಿಯನ್ನು ಮುಟ್ಟಿದರೆ ತಂಪಾಗಿರುತ್ತದೆ. ಬದುವಿನಾಚೆ ಬೀಳುಬಿಟ್ಟ ಕರಿನೆಲ ಅಂಗಾಲು ಸುಡುತ್ತದೆ. ಬಿಸಿಲು ಎರಡರ ಮೇಲೂ ಒಂದೇ ಸಮ ಬೀಳುತ್ತದೆ. ಒಂದು ಕಡೆ ಅದು ನೆಲವನ್ನು ಕಾಯಿಸಲು ಖರ್ಚಾಗುತ್ತದೆ, ಇನ್ನೊಂದು ಕಡೆ ನೀರನ್ನು ಆವಿ ಮಾಡಲು. ಬಿದ್ದ ಬಿಸಿಲಿನಲ್ಲಿ ಆಕಾಶಕ್ಕೆ ಮರಳಿದ್ದನ್ನೂ ನೆಲಕ್ಕೆ ಇಳಿದದ್ದನ್ನೂ ಗಾಳಿಯನ್ನು ಕಾಯಿಸಿದ್ದನ್ನೂ ಕಳೆದರೆ ಉಳಿದದ್ದು ಆವಿಗೆ ಹೋದ ಶಕ್ತಿ. ಡಚ್ ವಿಜ್ಞಾನಿ ವಿಮ್ ಬಾಸ್ಟಿಯಾನ್ಸೆನ್ 1990ರ ದಶಕದಲ್ಲಿ ರೂಪಿಸಿದ ಸೆಬಾಲ್ ಎಂಬ ಲೆಕ್ಕಾಚಾರದ ತಿರುಳು ಇಷ್ಟೇ. ಆಮೇಲೆ ಬಂದ ಎಷ್ಟೋ ಪದ್ಧತಿಗಳು ಇದರ ಮಕ್ಕಳು ಮೊಮ್ಮಕ್ಕಳು. ಅಂದರೆ ನಕ್ಷೆಯಲ್ಲಿ ಕಾಣುವ ನೀಲಿ ಬಣ್ಣ ಕಬ್ಬಿನ ಬೆವರು. ಆ ಬೆವರಿಗೆ ನೀರು ಎಲ್ಲಿಂದ ಬಂತು, ಹೊಳೆಯಿಂದಲೋ, ಬಾವಿಯಿಂದಲೋ, ಮೊನ್ನೆ ಬಿದ್ದ ಅಡ್ಡಮಳೆಯಿಂದಲೋ, ನೆಲದಡಿ ಮೇಲೇರಿ ನಿಂತ ಅಂತರ್ಜಲದಿಂದಲೋ, ಅದನ್ನು ಬೆವರು ಹೇಳುವುದಿಲ್ಲ. ಗಗನಬಾವಡಾದಲ್ಲಿ ವರ್ಷಕ್ಕೆ 5000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ಪೂರ್ವದ ಶಿರೋಳದಲ್ಲಿ ಅದರ ಹತ್ತನೇ ಒಂದು ಪಾಲಿನ ಆಸುಪಾಸು. ಒಂದೇ ಜಿಲ್ಲೆಯಲ್ಲಿ ಇಷ್ಟು ಅಂತರವಿರುವಾಗ ಆವಿಯಲ್ಲಿ ಮಳೆಯ ಪಾಲು ಕಳೆದು ಹೊಳೆಯ ಪಾಲು ಹೇಳುವುದಕ್ಕೆ ಇನ್ನೊಂದು ಅಂದಾಜು ಬೇಕು. ಅಂದಾಜಿನ ಮೇಲೆ ಅಂದಾಜು ಕೂತಾಗ ಯಾವುದರ ತಪ್ಪು ಯಾವುದಕ್ಕೆ ಸೇರಿತೆಂದು ಬಿಡಿಸುವುದು ಸುಲಭವಲ್ಲ.

ಗೊಂದಲದ ಬೇರು ‘ಬಳಕೆ’ ಎಂಬ ಪದದಲ್ಲಿದೆ. ರೈತ, ಎಂಜಿನಿಯರ್, ಹೊಳೆ, ಮೂವರಿಗೂ ಅದರ ಅರ್ಥ ಬೇರೆ.

1. ಎತ್ತಿದ ನೀರು. ಪಂಪು ಹೊಳೆಯಿಂದ ಮೇಲೆ ತಂದದ್ದು. ಉಪಸಾ ಬಂದಿ ತಡೆಯುವುದು ಇದನ್ನು.

2. ಹಾಯಿಸಿದ ನೀರು. ಪೈಪಿನ ಸೋರಿಕೆ, ಕಾಲುವೆಯ ಇಂಗುವಿಕೆ ಕಳೆದು ಬೋದಿನ ಸಾಲಿಗೆ ಮುಟ್ಟಿದ್ದು. ಕಬ್ಬಿಗೆ ಎಷ್ಟು ಕೊಟ್ಟೆ ಎಂದು ರೈತ ಹೇಳುವಾಗ ಅವನ ಮನಸ್ಸಿನಲ್ಲಿರುವುದು ಇದು.

3. ತೀರಿದ ನೀರು. ಆವಿಯಾಗಿ ಹೋದದ್ದು, ಈ ಕಣಿವೆಗೆ ಈ ವರ್ಷ ಮರಳಿ ಸಿಗದ್ದು. ಉಪಗ್ರಹ ಅಂದಾಜಿಸುವುದು ಇದನ್ನು ಮಾತ್ರ.

ಮೊದಲನೆಯದಕ್ಕೂ ಮೂರನೆಯದಕ್ಕೂ ನಡುವೆ ಇರುವುದು ಬಸಿನೀರು. ಜನ ‘ಪೋಲು’ ಎನ್ನುವುದು ಇದನ್ನೇ. ಲೆಕ್ಕಕ್ಕೆಂದು ಒಂದು ಎಕರೆ ಇಟ್ಟುಕೊಳ್ಳೋಣ. ಅಂಕಿಗಳು ನಾನು ಕಲ್ಪಿಸಿಕೊಂಡವು, ತರ್ಕಕ್ಕಷ್ಟೇ. ಸಾಲಿನಲ್ಲಿ ನೀರು ಹಾಯಿಸುವ ರೈತ ವರ್ಷಕ್ಕೆ 80 ಲಕ್ಷ ಲೀಟರ್ ಎತ್ತುತ್ತಾನೆ. ಅದರಲ್ಲಿ 54 ಲಕ್ಷ ಆವಿ, 26 ಲಕ್ಷ ಇಂಗಿ ಬಸಿದು ಹಳ್ಳಕ್ಕೆ. ಅವನೇ ಹನಿ ನೀರಾವರಿ ಹಾಕಿಸಿದ ಮೇಲೆ 60 ಲಕ್ಷ ಎತ್ತುತ್ತಾನೆ. ಬೆಳೆ ಹುಲುಸಾದುದರಿಂದ 57 ಲಕ್ಷ ಆವಿ, ಬಸಿದದ್ದು 3 ಲಕ್ಷ. ಪಂಪಿನ ಬಳಿ ನಿಂತವನಿಗೆ 20 ಲಕ್ಷ ಉಳಿತಾಯ. ಹೊಳೆಯ ಲೆಕ್ಕದಲ್ಲಿ 3 ಲಕ್ಷ ಹೆಚ್ಚು ನಷ್ಟ. ಉಳಿತಾಯವಾಯಿತೆಂದು ಅದೇ ರೈತ ಪಕ್ಕದ ಹದಿಮೂರು ಗುಂಟೆಗೂ ಕಬ್ಬು ಹಾಕಿದನೋ, ನಷ್ಟ ಇನ್ನೂ ಬೆಳೆಯುತ್ತದೆ. ಕ್ವೆಂಟಿನ್ ಗ್ರಾಫ್ಟನ್ ಮತ್ತು ಸಂಗಡಿಗರು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ನೀರಾವರಿ ದಕ್ಷತೆಯ ವಿರೋಧಾಭಾಸವೆಂದು ಕರೆದದ್ದು ಇದನ್ನೇ. ವಿಚಿತ್ರವೆಂದರೆ ಇಲ್ಲಿ ಉಪಗ್ರಹದ ನಕ್ಷೆ ನಿಜ ಹೇಳುತ್ತದೆ: ಹನಿ ನೀರಾವರಿಯ ಹೊಲ ಇನ್ನಷ್ಟು ನೀಲಿಯಾಗಿ ಕಾಣುತ್ತದೆ. ಆ ನೀಲಿಯನ್ನು ‘ಪೋಲು’ ಎಂದು ಓದಿದರೆ ದಂಡ ಬೀಳುವುದು ಚೆನ್ನಾಗಿ ಬೆಳೆದವನಿಗೆ. ಎಂಬತ್ತು ಲಕ್ಷ ಎತ್ತಿ ಮೂರನೇ ಒಂದು ಪಾಲು ಹಳ್ಳಕ್ಕೆ ಬಿಟ್ಟವನು ಮಿತವ್ಯಯಿ ಎನಿಸಿಕೊಳ್ಳುತ್ತಾನೆ.

ಹಾಗೆಂದು ಬಸಿನೀರು ಎಲ್ಲ ಕಡೆ ಪುಣ್ಯದ ನೀರೂ ಅಲ್ಲ, ಈ ಮಾತನ್ನು ಮುಚ್ಚಿಟ್ಟರೆ ನನ್ನ ವಾದವೂ ಅರ್ಧ ನಿಜವಾಗುತ್ತದೆ. ಗಡಹಿಂಗ್ಲಜದ ಇಳಿಜಾರಿನ ಹೊಲದಲ್ಲಿ ಇಂಗಿದ್ದು ಹಳ್ಳ ಹಿಡಿದು ಹಿರಣ್ಯಕೇಶಿಗೆ ಇಳಿಯುತ್ತದೆ, ಸಂಕೇಶ್ವರದ ಕಡೆಯ ಪಂಪು ಅದನ್ನು ಮತ್ತೆ ಎತ್ತುತ್ತದೆ. ಮೇಲಿನವನ ಪೋಲು ಕೆಳಗಿನವನ ಪಾಲು. ಶಿರೋಳದ ಸಪಾಟಾದ ಆಳ ಕರಿನೆಲದಲ್ಲಿ ಕತೆ ಬೇರೆ. ಅಲ್ಲಿ ಇಂಗಿದ ನೀರಿಗೆ ಇಳಿದುಹೋಗಲು ದಾರಿಯಿಲ್ಲ. ಅದು ನೆಲದಡಿ ನಿಂತು, ಉಪ್ಪನ್ನು ಹೊತ್ತು ಮೇಲೇರುತ್ತದೆ. ನಮ್ಮ ಕಡೆ ಸವಳು-ಜವಳು ಎನ್ನುವುದು ಇದಕ್ಕೇ. ಬೇಸಿಗೆಯಲ್ಲಿ ಅಂಥ ಹೊಲದ ಮೇಲೆ ಬೂದಿ ಚೆಲ್ಲಿದಂತೆ ಬಿಳಿ ಪದರ ಕಾಣುತ್ತದೆ, ಹೆಜ್ಜೆಯಿಟ್ಟರೆ ಪುಸಕ್ಕನೆ ಕುಸಿಯುತ್ತದೆ. ಶಿರೋಳದ ದತ್ತ ಸಕ್ಕರೆ ಕಾರ್ಖಾನೆ ರೈತರೊಂದಿಗೆ ಸೇರಿ ನೆಲದಡಿ ರಂಧ್ರದ ಪೈಪು ಹೂಳಿ ನೀರು ಬಸಿಯುವ ಕೆಲಸಕ್ಕೆ ಇಳಿದದ್ದು ಈ ಕಾರಣಕ್ಕೆ. ಅಲ್ಲಿ ಹನಿ ನೀರಾವರಿ ಹೊಳೆಗೆ ನೀರು ಉಳಿಸದಿದ್ದರೂ ನೆಲವನ್ನು ಉಳಿಸುತ್ತದೆ. ನಲವತ್ತು-ಐವತ್ತು ಮೈಲಿಯ ಅಂತರದಲ್ಲಿ ಒಂದೇ ಇಪ್ಪತ್ತಾರು ಲಕ್ಷ ಲೀಟರ್ ಒಂದು ಕಡೆ ವರ, ಇನ್ನೊಂದು ಕಡೆ ಶಾಪ. ಅದು ಯಾವುದೆಂದು ಹೇಳುವುದು ಮಣ್ಣಿನ ಆಳ ಮತ್ತು ಇಳಿಜಾರು.

ಇಚಲಕರಂಜಿಯನ್ನು ಇದೇ ನಕ್ಷೆಯ ಮೇಲಿಟ್ಟರೆ ಪದದ ಗೊಂದಲ ನಗೆಪಾಟಲಾಗುತ್ತದೆ. ಕಾಂಕ್ರೀಟು, ತಗಡಿನ ಮಗ್ಗದ ಷೆಡ್ಡುಗಳ ಆ ನಗರ ಶಾಖದ ಚಿತ್ರದಲ್ಲಿ ಕೆಂಪು ಕಲೆ: ಆವಿ ಬಹುತೇಕ ಇಲ್ಲ, ಆದ್ದರಿಂದ ‘ಬಳಕೆ’ಯೂ ಇಲ್ಲ! ಆದರೆ ಕುಡಿಯುವ ನೀರಿಗೆ ಆ ಊರು ಪಟ್ಟ ಪಾಡು ಎಲ್ಲರಿಗೂ ಗೊತ್ತು. ಬಾಗಿಲಲ್ಲೇ ಪಂಚಗಂಗೆ ಹರಿಯುತ್ತಿದ್ದರೂ ಅದರ ನೀರು ಕುಡಿಯಲಾರದಂತಾಯಿತು. 2012ರಲ್ಲಿ ಕಾಮಾಲೆ ಊರಿಗೂರನ್ನೇ ಮಲಗಿಸಿತು. ದಾನೋಳಿಯಿಂದ ವಾರಣಾ ನೀರು ತರುವ ಯೋಜನೆಗೆ ಅಲ್ಲಿನ ರೈತರು ಅಡ್ಡ ನಿಂತರು, ಸುಳಕೂಡದಿಂದ ದೂಧಗಂಗೆಯ ನೀರು ತರುವ ಯೋಜನೆಗೆ ಕಾಗಲ ಕಡೆಯವರು. ಈ ಜಗಳದಲ್ಲಿ ಆವಿಯ ನಕ್ಷೆ ಯಾರ ಪರ ಸಾಕ್ಷಿ ಹೇಳೀತು? ನಗರ ಏನನ್ನೂ ತೀರಿಸುವುದಿಲ್ಲ ಎನ್ನುತ್ತದೆ, ಅದು ಒಂದರ್ಥದಲ್ಲಿ ನಿಜ. ತೆಗೆದುಕೊಂಡದ್ದರಲ್ಲಿ ಬಹುಪಾಲನ್ನು ಗಟಾರದ ಮೂಲಕ ಮರಳಿಸುತ್ತದೆ. ಮರಳಿದ ನೀರು ಎಂಥದ್ದು ಎಂಬುದನ್ನು ಕೆಳಗೆ ತೇರವಾಡದ ಬಾಂದಾರದಲ್ಲಿ ಸತ್ತು ತೇಲಿದ ಮೀನುಗಳನ್ನು ಕಂಡವರು ಹೇಳಬೇಕು. ಕೃಷ್ಣಾ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿ ಈ ವಿಷಯದಲ್ಲಿ ನಮ್ಮ ಈಗಿನ ಚರ್ಚೆಗಿಂತ ಎಚ್ಚರವಾಗಿತ್ತು. ಕೃಷ್ಣಾ ಕಣಿವೆಯಲ್ಲಿ ಊರಿನ ಕುಡಿಯುವ ನೀರಿಗೆ ಎತ್ತಿದ್ದರಲ್ಲಿ ನೂರಕ್ಕೆ 20ನ್ನು ಮಾತ್ರ, ಕೈಗಾರಿಕೆಗೆ ಎತ್ತಿದ್ದರಲ್ಲಿ 2.5ನ್ನು ಮಾತ್ರ ಬಳಕೆಯೆಂದು ಹಿಡಿಯಬೇಕೆಂದಿತು. ನೀರಾವರಿಯಿಂದ ಹೊಳೆಗೆ ಮರಳುವ ನೀರನ್ನು ಲೆಕ್ಕಕ್ಕೆ ತಂದು, 2060 ಟಿಎಂಸಿಯ ಹಂಚಿಕೆಯ ಮೇಲೆ ಇನ್ನೂ 70 ಟಿಎಂಸಿಯನ್ನು ಮೂರು ರಾಜ್ಯಗಳಿಗೆ ಹಂಚಿತು. ಎತ್ತಿದ್ದು ಬೇರೆ, ತೀರಿದ್ದು ಬೇರೆ ಎಂಬ ವಿವೇಕ 1973ರ ಕಾಗದದಲ್ಲೇ ಇದೆ. ಮರಳಿದ ನೀರಿನ ಗುಣವನ್ನು ಅದು ಅಳೆಯಲಿಲ್ಲ ಎಂಬುದು ಬೇರೆ ಮಾತು. ಆ ಕೊರತೆಯನ್ನು ಶಾಖದ ಚಿತ್ರವೂ ತುಂಬಿಕೊಡದು.

ಈಗ ಎದುರುವಾದಗಳು. ಮೊದಲನೆಯದು: ತಂತ್ರಜ್ಞಾನ ದಿನೇ ದಿನೇ ಚುರುಕಾಗುತ್ತಿದೆ, ಇಂದಿನ ಮಸುಕು ನಾಳೆ ಇರುವುದಿಲ್ಲ. ಒಪ್ಪಬಹುದು, ಆದರೆ ಇಂದಿನ ಮಸುಕು ಎಷ್ಟೆಂದು ತಿಳಿದಿರಲಿ. ಲ್ಯಾಂಡ್‌ಸ್ಯಾಟ್ 8 ಮತ್ತು 9ರ ಶಾಖದ ಕಣ್ಣು ನೂರು ಮೀಟರ್ ಚೌಕವನ್ನು ಒಂದು ಚುಕ್ಕಿಯಾಗಿ ನೋಡುತ್ತದೆ. ಅಂದರೆ ಒಂದು ಹೆಕ್ಟೇರು, ಸರಿಸುಮಾರು 99 ಗುಂಟೆ. ನಮ್ಮ ಹೊಳೆಸಾಲಿನಲ್ಲಿ ಅಷ್ಟು ಜಾಗದಲ್ಲಿ ನಾಲ್ವರು ಅಣ್ಣತಮ್ಮಂದಿರ ವಾಟ್ನಿ, ಒಬ್ಬ ದಾಯಾದಿಯ ಇಪ್ಪತ್ತು ಗುಂಟೆ, ಒಂದು ಕೂಳೆ ಕಬ್ಬು, ಒಂದು ಹೊಸ ನಾಟಿ, ನಡುವೆ ಒಂದು ಸೋಯಾಬೀನ್ ಪಟ್ಟಿ ಇರುತ್ತವೆ. ಒಂದೇ ಚುಕ್ಕಿಯ ಆವಿಯನ್ನು ಐವರಿಗೆ ಹಂಚಿ ಬಿಲ್ಲು ಕಳಿಸುವುದನ್ನು ಊಹಿಸಿಕೊಳ್ಳಿ. ಮನೆ ಒಡೆಯಲು ಬೇರೆ ಕಾರಣ ಬೇಕಿಲ್ಲ. ಎರಡು ಉಪಗ್ರಹಗಳೂ ಸೇರಿ ಎಂಟು ದಿನಕ್ಕೊಮ್ಮೆ ಬೆಳಗಿನ ಒಂದು ಕ್ಷಣವನ್ನು ಹಿಡಿಯುತ್ತವೆ. ಆ ಕ್ಷಣವನ್ನು ಇಡೀ ದಿನಕ್ಕೆ, ದಿನವನ್ನು ವಾರಕ್ಕೆ ಹಿಗ್ಗಿಸಬೇಕು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮೋಡ. ರಾಡಾರ್ ಉಪಗ್ರಹಗಳು ಮೋಡದ ಮೂಲಕ ನೋಡುತ್ತವೆ, ಆದರೆ ಅವು ಶಾಖ ನೋಡುವುದಿಲ್ಲ. ಇದೆಲ್ಲ ಸುಧಾರಿಸಬಹುದಾದದ್ದು. ನಾಳೆ ಒಂದೊಂದು ಬೋದನ್ನೂ ಬೇರೆಯಾಗಿ ತೋರಿಸುವ ಶಾಖದ ಕಣ್ಣು ಬಂದರೂ ಅದಕ್ಕೆ ಕಾಣುವುದು ಆವಿಯೇ. ಎತ್ತಿದ ನೀರು ಆಗಲೂ ಕಾಣದು.

ಎರಡನೆಯದು: ಅಮೆರಿಕದಲ್ಲಿ ಮಾಡುತ್ತಿದ್ದಾರಲ್ಲ? ನಿಜ, ಪಶ್ಚಿಮ ರಾಜ್ಯಗಳಿಗಾಗಿ 2021ರಲ್ಲಿ ಓಪನ್‌ಇಟಿ ಎಂಬ ವ್ಯವಸ್ಥೆ ಸಾರ್ವಜನಿಕವಾಯಿತು. ಅಲ್ಲಿ ಒಂದು ತಿರುಗು ನೀರಾವರಿಯ ವೃತ್ತವೇ 120 ಎಕರೆ ದಾಟುತ್ತದೆ, ಅದರೊಳಗೆ ಎಷ್ಟೋ ಚುಕ್ಕಿಗಳು ಹಾಯಾಗಿ ಕೂರುತ್ತವೆ. ಬೇಸಿಗೆಯಲ್ಲಿ ಮಳೆ ತೀರಾ ಕಡಿಮೆಯಿರುವ ಸೀಮೆಗಳಲ್ಲಿ ಕಂಡ ಆವಿಯೆಲ್ಲ ಹೆಚ್ಚುಕಡಿಮೆ ನೀರಾವರಿಯದೇ. ಎಲ್ಲಕ್ಕಿಂತ ಮುಖ್ಯವಾಗಿ, ಯಾರಿಗೆ ಎಷ್ಟು ನೀರಿನ ಹಕ್ಕು ಎಂಬುದು ಬಹುಮಟ್ಟಿಗೆ ಕಾಗದದಲ್ಲಿದೆ. ನಕ್ಷೆಯ ಅಂಕಿಯನ್ನು ಆ ಕಾಗದದ ಪಕ್ಕ ಇಟ್ಟು ನೋಡಬಹುದು. ನಮ್ಮಲ್ಲಿ ಪಕ್ಕ ಇಡುವ ಕಾಗದವೇ ಇಲ್ಲ. ಇದು ‘ಬಳಕೆ’ಯ ಗೊಂದಲಕ್ಕಿಂತ ಆಳದ ಕೊರತೆ: ಹೊಲವೊಂದು ಇಷ್ಟು ನೀರು ತೀರಿಸಿತು ಎಂಬ ಮಾತು ಆಪಾದನೆಯಾಗಬೇಕಾದರೆ ಅದಕ್ಕೆ ಇಷ್ಟೇ ಸಲ್ಲಬೇಕಿತ್ತು ಎಂಬ ಮಾತು ಮೊದಲೇ ಇರಬೇಕು.

ಮೂರನೆಯ ಎದುರುವಾದ ಹೆಚ್ಚು ತೂಕದ್ದು. ಎತ್ತಿದ ನೀರನ್ನು ಅಳೆಯಲು ಬೇರೆ ದಾರಿಯಿಲ್ಲ. ಸಾವಿರಾರು ಪಂಪುಗಳಿಗೆ ನೀರಿನ ಮೀಟರ್ ಕೂರಿಸಿ ಕಾಯುವವರು ಯಾರು? ಆದ್ದರಿಂದ ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಮೇಲು. ಇದಕ್ಕೆ ನನ್ನ ಉತ್ತರ: ದಾರಿ ಇದೆ, ಅದು ವಿದ್ಯುತ್ ಮೀಟರಾಗಿ ಪಂಪಿನ ಷೆಡ್ಡಿನ ಗೋಡೆಗೆ ತೂಗುಬಿದ್ದಿದೆ. ಒಂದು ಯೂನಿಟ್ ವಿದ್ಯುತ್ತು, ಪಂಪಿನ ದಕ್ಷತೆ ಅರ್ಧವೆಂದು ಹಿಡಿದರೂ, ಸುಮಾರು 6000 ಲೀಟರ್ ನೀರನ್ನು 30 ಮೀಟರ್ ಮೇಲೆ ಎತ್ತುತ್ತದೆ. ಪೈಪಿನ ಒಳಗಿನ ಘರ್ಷಣೆಗೆ ಸ್ವಲ್ಪ ಕಳೆಯಿರಿ. ಜಾಕ್‌ವೆಲ್ಲಿನಿಂದ ವಿತರಣಾ ತೊಟ್ಟಿಯ ಎತ್ತರ ಸಂಘದ ನೀಲನಕ್ಷೆಯಲ್ಲಿದೆ, ಯೂನಿಟ್ಟುಗಳು ಬಿಲ್ಲಿನಲ್ಲಿವೆ. ಎಂಟನೇ ತರಗತಿಯ ಹುಡುಗ ಗುಣಿಸಿ ಹೇಳಬಹುದಾದ ಲೆಕ್ಕ. ಇದರಲ್ಲೂ ತಪ್ಪಿದೆ, ಆದರೆ ಇದು ಎತ್ತಿದ ನೀರನ್ನೇ ಅಳೆಯುತ್ತದೆ. ಹಾಗಿದ್ದೂ ಈ ಮೀಟರನ್ನು ಯಾರೂ ನೋಡಲೊಲ್ಲರು. ಕರ್ನಾಟಕ 2008ರಿಂದ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತನ್ನು ಪುಕ್ಕಟೆ ಕೊಡುತ್ತಿದೆ. ಮಹಾರಾಷ್ಟ್ರ 2024ರಲ್ಲಿ 7.5 ಅಶ್ವಶಕ್ತಿಯವರೆಗೆ ಅದೇ ದಾರಿ ಹಿಡಿಯಿತು. ಬಿಲ್ಲು ಬಾರದ ಕಡೆ ಮೀಟರ್ ಓದುವವನೂ ಬಾರನು. ನಕ್ಷೆಯ ಆಕರ್ಷಣೆಯ ಗುಟ್ಟು ಇಲ್ಲೇ ಇದೆಯೆಂದು ನನ್ನ ಗುಮಾನಿ: ಉಪಗ್ರಹ ಯಾವ ಮತದಾರನನ್ನೂ ನೋಯಿಸದೆ ತಲೆಯ ಮೇಲೆ ಹಾದುಹೋಗುತ್ತದೆ. ಪುಕ್ಕಟೆ ವಿದ್ಯುತ್ತು ತಪ್ಪೋ ಸರಿಯೋ ಎಂಬ ಚರ್ಚೆ ಬೇರೆ. ಪುಕ್ಕಟೆ ಕೊಟ್ಟದ್ದನ್ನೂ ಅಳೆದು ಬರೆದಿಡಬಹುದು ಎಂಬುದಷ್ಟೇ ನಾನು ಹೇಳುತ್ತಿರುವುದು.

ಹಾಗಾದರೆ ನಕ್ಷೆಯನ್ನು ಮೂಲೆಗೆ ಎಸೆಯಬೇಕೆ? ಖಂಡಿತ ಬೇಡ. ಅದರ ಬಲ ಯಾವ ಅಳತೆಯಲ್ಲಿದೆಯೋ ಆ ಅಳತೆಯಲ್ಲಿ ಬಳಸಬೇಕು. ಒಂದು ಹೊಲಕ್ಕೆ ತಪ್ಪುವ ಅಂದಾಜು ಒಂದು ಹಳ್ಳದ ಜಲಾನಯನಕ್ಕೆ ಬಂದಾಗ ನೆಟ್ಟಗಾಗುತ್ತದೆ. ಹೆಚ್ಚು ಕಡಿಮೆಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಕಬ್ಬಿನ ವಿಸ್ತೀರ್ಣ ಎಷ್ಟು, ದೀರ್ಘಾವಧಿಯ ಅಡಸಾಲಿ ಎಷ್ಟು, ಕೂಳೆ ಎಷ್ಟು ಎಂಬುದನ್ನು ಹತ್ತು ಮೀಟರಿನ ಸೆಂಟಿನೆಲ್ ಚಿತ್ರಗಳು ಐದು ದಿನಕ್ಕೊಮ್ಮೆ ತೋರಿಸಬಲ್ಲವು. ಮಹಾರಾಷ್ಟ್ರದಲ್ಲಿ 2021ರಿಂದ ರೈತರೇ ಮೊಬೈಲಿನಲ್ಲಿ ಬೆಳೆ ದಾಖಲಿಸುವ ಇ-ಪೀಕ್ ಪಾಹಣಿ ಬಂದಿದೆ, ಕರ್ನಾಟಕದಲ್ಲಿ ಬೆಳೆ ಸಮೀಕ್ಷೆಯ ಆ್ಯಪ್ ಇದೆ. ಇವುಗಳ ಸುಳ್ಳು ಹಿಡಿಯಲು ಆಕಾಶದ ಚಿತ್ರಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಕಾಲುವೆಯ ತಲೆಯಲ್ಲಿ ಹಸಿರು, ಬಾಲದಲ್ಲಿ ಕಂದು ಎಂಬ ಅನ್ಯಾಯವನ್ನು ಅದು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಉಳಿದ ಲೆಕ್ಕಗಳು ಕೂಡುತ್ತವೆಯೇ ಎಂದು ನೋಡಲು ಅದು ಬೇಕು. ಬಿದ್ದ ಮಳೆ, ಅಣೆಕಟ್ಟಿನಿಂದ ಬಿಟ್ಟ ನೀರು, ಕೆಳಗೆ ಹರಿದುಹೋದ ನೀರು, ಆವಿಯಾದ ನೀರು, ನೆಲದಡಿ ನಿಂತ ನೀರು, ಇವು ಒಟ್ಟಿಗೆ ನಿಲ್ಲದಿದ್ದರೆ ಯಾರೋ ಎಲ್ಲೋ ತಪ್ಪು ಬರೆದಿದ್ದಾರೆಂದೇ ಅರ್ಥ.

ಆದರೆ ಹೊಳೆಯ ಲೆಕ್ಕಕ್ಕೆ ಹೊಳೆಯಷ್ಟೇ ಉದ್ದದ ಹಾಳೆ ಬೇಕು. ಮಹಾರಾಷ್ಟ್ರದ ದೂರಸಂವೇದಿ ಕೇಂದ್ರ ನಾಗಪುರದಲ್ಲಿದೆ, ಕರ್ನಾಟಕದ್ದು ಬೆಂಗಳೂರಿನಲ್ಲಿ. ಎರಡೂ ತಂತಮ್ಮ ರಾಜ್ಯದ ಕೆಲಸಕ್ಕೆ ಹುಟ್ಟಿದವು, ಅದರಲ್ಲಿ ತಪ್ಪೇನಿಲ್ಲ. ಹಿರಣ್ಯಕೇಶಿ ಮಾತ್ರ ಅಂಬೋಲಿ ಘಟ್ಟದ ಹತ್ತಿರ ಹುಟ್ಟಿ, ಆಜರಾ, ಗಡಹಿಂಗ್ಲಜ ದಾಟಿ, ಗಡಿಯಾಚೆ ಕರ್ನಾಟಕದ ಸಂಕೇಶ್ವರದ ಬಗಲಲ್ಲಿ ಹಾದು ಘಟಪ್ರಭೆಯನ್ನು ಸೇರುತ್ತದೆ. ಗಡಹಿಂಗ್ಲಜದ ಬಸಿನೀರು ಸಂಕೇಶ್ವರದ ಎತ್ತುನೀರು ಆಗುವ ಜಾಗ ಎರಡು ಹಾಳೆಗಳ ನಡುವಿನ ಸಂದಿನಲ್ಲಿ ಬಿದ್ದುಹೋದರೆ ನಕ್ಷೆ ಎಷ್ಟು ಸೂಕ್ಷ್ಮವಾಗಿದ್ದರೇನು? ಆದ್ದರಿಂದ ಎರಡೂ ದಂಡೆಯ, ಎರಡೂ ಭಾಷೆಯ ನೀರು ಬಳಕೆದಾರರ ಸಂಘಗಳಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಉಪಸಾ ಬಂದಿಯ ಆದೇಶ ಬರುವ ಮೊದಲು ಪ್ರತಿ ಬಾಂದಾರದ ಬಳಿ ಒಂದು ಹಲಗೆ ನೆಡಿಸಿ. ಹಿರಣ್ಯಕೇಶಿಯ ಮೇಲ್ಭಾಗದ ಚಿತ್ರಿ ಅಣೆಕಟ್ಟಿನಿಂದ ಬಿಟ್ಟ ನೀರು, ವಿದ್ಯುತ್ ಯೂನಿಟ್ಟಿನಿಂದ ಲೆಕ್ಕಹಾಕಿದ ಎತ್ತಿದ ನೀರು, ರಾಜ್ಯದ ಗಡಿಯಲ್ಲಿ ಹರಿದದ್ದು, ಉಪಗ್ರಹ ಹೇಳಿದ ಆವಿ, ಈ ನಾಲ್ಕು ಅಂಕಿಗಳನ್ನು ವಾರಕ್ಕೊಮ್ಮೆ ಅದರ ಮೇಲೆ ಬರೆಯಿಸಿ. ಕನ್ನಡದಲ್ಲೂ ಮರಾಠಿಯಲ್ಲೂ ಬರೆಯಿಸಿ.